ಓಡಿದವರಿಗೆ ದಾಖಲೆ, ನಡೆಯೋರಿಗೆ ದಾರಿ ಎಲ್ಲಿ?

ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿ.ಮೀ. ಬಸ್ಸಲ್ಲಿ ಕೂತು ಹೋದರೂ ಸೊಂಟ ಹಿಡೀತು ಅಂತೀವಿ. ಸೂಫಿಯಾ ಸೂಫಿ ಎಂಬ ಹೆಣ್ಣುಮಗಳು ದಿನಕ್ಕೆ ಸರಾಸರಿ 54 ಕಿ.ಮೀ. ಓಡಿದರು! ದೆಹಲಿಯಿಂದ ಹೊರಟು ಮುಂಬಯಿ, ಚೆನ್ನೈ, ಕೊಲ್ಕತ್ತಾ ಸುತ್ತಿ ಮತ್ತೆ ದೆಹಲಿ. 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 6,002 ಕಿ.ಮೀ. 110 ದಿನ, 23 ಗಂಟೆ, 24 ನಿಮಿಷ. ಗಿನ್ನೆಸ್ ದಾಖಲೆ. ಭೇಷ್!

ಆ ಸುವರ್ಣ ಚತುರ್ಭುಜ ಬೇರೆಲ್ಲೋ ಇಲ್ಲ, ನಮ್ಮೂರ ಪಕ್ಕದ ಹೆದ್ದಾರಿಯೇ. ಲಾರಿ, ಕಾರಿಗೆ ದಾರಿ ಮಾಡಿದವರು ಕಾಲಿಗೆ ದಾರಿ ಬಿಡೋದನ್ನ ಬಹಳ ಕಡೆ ಮರೆತಿದ್ದಾರೆ. ಅವರು ಓಡಿದ್ದು ದಾಖಲೆಗೆ. ಬಸ್ ಇಳಿದು ರಸ್ತೆ ದಾಟುವ ನಾವು ಓಡೋದು ಜೀವ ಉಳಿಸಿಕೊಳ್ಳೋಕೆ.

ಬಸ್ ನಿಲ್ಲುವ ಕಡೆಯಾದರೂ ಕಾಲುದಾರಿ ಮಾಡಿ ಸ್ವಾಮಿ. ಅಷ್ಟಕ್ಕೆ 110 ದಿನ ಸಾಲದೇ?