ಆಜ್ಞೆ ಹೇಳಿಕೊಡುವುದೂ ಪಾಠ ಹೇಳಿಕೊಡುವುದೂ

ಗಣಕ ವಿಧಿವಿಜ್ಞಾನ ಅಥವಾ ಡಿಜಿಟಲ್ ಫೊರೆನ್ಸಿಕ್ಸ್ ಇಂದು ಅನೇಕ ಕಾಲೇಜುಗಳಲ್ಲಿ ಪಠ್ಯವಿಷಯವಾಗಿದೆ. ತನಿಖೆಯಲ್ಲಿ ವಶವಾದ ಡಿಸ್ಕಿನ ಯಥಾಪ್ರತಿಯನ್ನು ತೆಗೆದು, ಮೂಲಕ್ಕೆ ಕೈಹಚ್ಚದೆ, ಆ ಪ್ರತಿಯಲ್ಲಿ ಅಡಗಿರುವ ಸಂಗತಿಗಳನ್ನು ಹೊರತೆಗೆಯುವ ಶಾಸ್ತ್ರವಿದು. ಇದರ ಗೃಹಪಾಠವೂ ಅಂಥದೇ. ಅಧ್ಯಾಪಕರು ಡಿಸ್ಕಿನ ಪ್ರತಿಯೊಂದನ್ನು ಕೊಡುತ್ತಾರೆ. ವಿದ್ಯಾರ್ಥಿಯು ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆಯನ್ನು ಬೆರಳಚ್ಚಿಸಿ ಅಳಿಸಿದ ಕಡತಗಳನ್ನು ಹುಡುಕಬೇಕು. ಎಲ್ಲಿಯೋ ಒಂದೆಡೆ ದಾರಿ ಕಾಣದಂತಾಗಿ, ಬಲ್ಲವರ ಬಳಿ ನೆರವು ಕೇಳುತ್ತಾನೆ. ಬಲ್ಲವರೆಂದರೆ ಮೇಲಿನ ತರಗತಿಯವರು, ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು. ಅವರು ಏನನ್ನು ಕೊಡಬೇಕು ಎಂಬುದೇ ಪ್ರಸ್ತುತ ವಿಚಾರ.

ಬ್ರಿಯಾನ್ ಕ್ಯಾರಿಯರ್ ಅವರು ರೂಪಿಸಿದ ‘ಸ್ಲೂತ್ ಕಿಟ್’ ಎಂಬ ಉಚಿತ ಸಲಕರಣೆಗಳ ಗುಂಪಿನಲ್ಲಿ ‘ಎಫ್‌ಎಲ್‌ಎಸ್’ ಎಂಬ ಆಜ್ಞೆಯಿದೆ. ಅಳಿಸಿದವುಗಳೂ ಸೇರಿದಂತೆ ಕಡತಗಳ ಹೆಸರುಗಳನ್ನು ಅದು ಪಟ್ಟಿಮಾಡುತ್ತದೆ. ವಿದ್ಯಾರ್ಥಿಯು ಇಡೀ ಡಿಸ್ಕಿನ ಪ್ರತಿಯನ್ನು ಅದರ ಮುಂದಿಟ್ಟರೆ, ಕಡತವ್ಯವಸ್ಥೆಯ ಬಗೆ ತಿಳಿಯದೆಂದು ಉತ್ತರ ಬರುತ್ತದೆ. ನೆರವಿಗೆ ಬಂದವರು ಒಮ್ಮೆ ಕಣ್ಣಾಡಿಸಿ, “63 ಅಂತ ಸೇರಿಸಪ್ಪ, ಆಗುತ್ತೆ” ಎನ್ನುತ್ತಾರೆ. ಆಗುತ್ತದೆ; ಅಂಕವೂ ದೊರೆಯುತ್ತದೆ. ಮರುವಾರ ಬೇರೊಂದು ಡಿಸ್ಕು ಬಂದಾಗ ಅದೇ 63 ಕೈಕೊಡುತ್ತದೆ. ಡಿಸ್ಕು ವಿಭಾಗಗಳಾಗಿ ಹಂಚಿರುತ್ತದೆಂಬುದನ್ನೂ, ಪ್ರತಿ ವಿಭಾಗವೂ ಒಂದು ನಿರ್ದಿಷ್ಟ ಸೆಕ್ಟರಿನಿಂದ ಆರಂಭವಾಗುತ್ತದೆಂಬುದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕುಗಳಲ್ಲಿ ಮೊದಲ ವಿಭಾಗವು ಸಾಮಾನ್ಯವಾಗಿ 63ನೆಯ ಸೆಕ್ಟರಿನಿಂದ ಆರಂಭವಾಗುತ್ತಿತ್ತು. ವಿಸ್ಟಾದಿಂದೀಚೆಗೆ ಸಾಮಾನ್ಯವಾಗಿ 2048ರಿಂದ. ಅದನ್ನು ತಿಳಿಯಲು ‘ಎಂಎಂಎಲ್‌ಎಸ್’ ಎಂಬ ಇನ್ನೊಂದು ಆಜ್ಞೆಯಿಂದ ವಿಭಾಗಗಳ ಪಟ್ಟಿಯನ್ನು ಮೊದಲು ತೆಗೆಯಬೇಕು. “ವಿಭಾಗ ಎಲ್ಲಿಂದ ಶುರುವಾಗುತ್ತದೆ, ನೋಡಿದೆಯಾ?” ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಮುಂದೆ ಅದೇ ವಿಭಾಗವನ್ನು ಲಿನಕ್ಸಿನಲ್ಲಿ ‘ಮೌಂಟ್’ ಮಾಡಹೊರಟರೆ ಲೆಕ್ಕ ಸೆಕ್ಟರುಗಳಲ್ಲಲ್ಲ, ಬೈಟುಗಳಲ್ಲಿ. 63ನ್ನು 512ರಿಂದ ಗುಣಿಸಿ 32,256 ಎನ್ನಬೇಕು. ಸಂಖ್ಯೆಯನ್ನು ಬಾಯಿಪಾಠ ಮಾಡಿದವನು ಇಲ್ಲಿಯೂ ಎಡವುತ್ತಾನೆ.

ಹಾಗೆಂದು ನೆರವನ್ನೇ ನಿಷೇಧಿಸುವ ಅಧ್ಯಾಪಕರ ನಿಲುವು ಸರಿಯೆನ್ನಲಾಗದು. ಈ ಆಜ್ಞೆಗಳ ಕೈಪಿಡಿಗಳು ಬಹುಮಟ್ಟಿಗೆ ಮೊದಲೇ ಬಲ್ಲವರಿಗಾಗಿ ಬರೆದವು. ನಿಷೇಧಿಸುವವರೂ ಒಂದು ಕಾಲಕ್ಕೆ ಪಕ್ಕದವರನ್ನು ಕೇಳಿಯೇ ಕಲಿತವರು.

ಅಮೆರಿಕದ ನೇವಲ್ ಪೋಸ್ಟ್‌ಗ್ರಾಜುಯೇಟ್ ಶಾಲೆಯಲ್ಲಿ ಸಿದ್ಧವಾದ ‘ಎಂ57-ಜೀನ್’ ಎಂಬ ಅಭ್ಯಾಸಪಾಠವು ಈ ವಿಷಯದ ತರಗತಿಗಳಲ್ಲಿ ಪ್ರಸಿದ್ಧ. ಕಲ್ಪಿತ ಸಂಸ್ಥೆಯೊಂದರ ಗುಪ್ತ ಲೆಕ್ಕಪತ್ರ ಜೀನ್ ಎಂಬಾಕೆಯ ಲ್ಯಾಪ್‌ಟಾಪಿನಿಂದ ಹೊರಬಿದ್ದಿದೆ. ಅದು ಹೇಗೆ ಹೊರಹೋಯಿತು ಎಂಬುದೇ ಪ್ರಶ್ನೆ. ಡಿಸ್ಕಿನ ಪ್ರತಿ ಎಲ್ಲರಿಗೂ ಮುಕ್ತ, ಉತ್ತರ ಮಾತ್ರ ಅಧ್ಯಾಪಕರಿಗೆ ಮೀಸಲು. (ಆ ಉತ್ತರವನ್ನು ಇಲ್ಲಿಯೂ ಬರೆಯದಿರುವುದೇ ಲೇಸು.)

ಈ ಕಟ್ಟುನಿಟ್ಟಿಗೆ ಕಾರಣವಿದೆ. 2005ರಲ್ಲಿ ಅಮೆರಿಕದ ವಿಚಿಟಾ ನಗರದಲ್ಲಿ, ದಶಕಗಳ ಕಾಲ ಸಿಕ್ಕದಿದ್ದ ಹಂತಕ ಡೆನಿಸ್ ರೇಡರನು ಕಳಿಸಿದ ಫ್ಲಾಪಿಯಲ್ಲಿ ಅಳಿಸಿದ ಕಡತವೊಂದು ದೊರೆಯಿತು. ಅದರಲ್ಲಿ ಉಳಿದಿದ್ದ ಚರ್ಚೊಂದರ ಹೆಸರೂ ‘ಡೆನಿಸ್’ ಎಂಬ ಹೆಸರೂ ಪೊಲೀಸರಿಗೆ ದಾರಿ ತೋರಿದವು. ಇಂಥದೇ ಕಡತ ನಿರಪರಾಧಿಯೊಬ್ಬನತ್ತ ಬೆರಳು ಮಾಡುವುದೂ ಅಸಂಭವವಲ್ಲ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ಎರಡನೆಯ ಭಾಗವನ್ನು ತಜ್ಞನು ತುಂಬಿ, ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಆ ಮೌಲ್ಯವೇ ಬೇರೆಯಾಗುತ್ತದೆ. ಅಂಥ ತಜ್ಞನನ್ನು ಎದುರು ಪಕ್ಷದ ವಕೀಲರು “63 ಎಂದು ಏಕೆ ಬರೆದಿರಿ?” ಎಂದು ಪಾಟೀಸವಾಲು ಮಾಡಿದರೆ, ‘ಹಿರಿಯರೊಬ್ಬರು ಹೇಳಿದ್ದರು’ ಎಂಬುದು ಉತ್ತರವಾಗಲಾರದು.

ಲಿನಕ್ಸಿನಲ್ಲಿ ‘ಸ್ಕ್ರಿಪ್ಟ್’ ಎಂಬ ಸರಳ ಆಜ್ಞೆಯೊಂದಿದೆ. ವಿದ್ಯಾರ್ಥಿಯು ಬೆರಳಚ್ಚಿಸಿದ್ದನ್ನೂ ಯಂತ್ರವು ಮರುನುಡಿದದ್ದನ್ನೂ ಅದು ಕಡತವೊಂದಕ್ಕೆ ಇಳಿಸುತ್ತದೆ. ತಪ್ಪಿದ ಹೆಜ್ಜೆಗಳೂ ಅದರಲ್ಲಿ ಉಳಿಯುತ್ತವೆ. ಆ ದಾಖಲೆಯನ್ನು ಉತ್ತರದೊಂದಿಗೆ ತರಿಸಿಕೊಂಡು, ಯಾವ ಹಂತದಲ್ಲಿ ಯಾರ ನೆರವು ದೊರೆಯಿತೆಂಬುದನ್ನು ಅದರ ಪಕ್ಕದಲ್ಲಿಯೇ ಬರೆಸಿ, ಅರ್ಧದಷ್ಟು ಅಂಕಗಳನ್ನು ಅದಕ್ಕೇ ಮೀಸಲಿಡುವುದು ಯಾವ ಅಧ್ಯಾಪಕರಿಗೂ ಕಷ್ಟವಾಗಲಾರದು.