ಸೊನ್ನಲಿಗೆಯ ಕೆರೆ, ದೊಡ್ಡನೆಕ್ಕುಂದಿಯ ಕೆರೆ

ಶರಣರ ವಚನಗಳನ್ನು ನಿತ್ಯವೂ ಪಠಿಸುವ ಭಕ್ತರ ನಡುವೆಯೇ ಒಂದು ಮಾತು ಆಗಾಗ ಕೇಳಿಬರುತ್ತದೆ. ಕೆರೆ ಉಳಿಸುವುದು, ಕಸ ಬೇರ್ಪಡಿಸುವುದು, ಗಿಡ ನೆಡುವುದು ಒಳ್ಳೆಯ ಕೆಲಸಗಳೇ ಸರಿ. ಆದರೆ ಅವು ಬಹಿರಂಗದ ವ್ಯಾಪಾರ, ಪಾಲಿಕೆಯವರಿಗೆ ಬಿಟ್ಟದ್ದು. ಭಕ್ತನಾದವನಿಗೆ ಅಂತರಂಗದ ಸಾಧನೆಯೇ ಸಾಕು ಎಂಬುದು ಆ ಮಾತು. ಇದಕ್ಕೆ ಆಧಾರವಾಗಿ ಸಿದ್ಧರಾಮೇಶ್ವರರ ಪ್ರಸಂಗವನ್ನೇ ಮುಂದೊಡ್ಡುವವರೂ ಇದ್ದಾರೆ. ಈ ವಾದವು ಶರಣತತ್ತ್ವದಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ವಿಚಾರಿಸಲೇಬೇಕಾಗಿದೆ.

ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಕಲ್ಲುಮಣ್ಣಿನ ಕೆಲಸದವನೆಂದು ಕೆಣಕಿದರೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಪ್ರಭುಗಳು ನಿರಾಕರಿಸಿದ್ದು ಏನನ್ನು? ಕಟ್ಟಿಸಿದವನು ತಾನೆಂಬ ಕರ್ತೃತ್ವದ ಭಾವವನ್ನು, ಅರಿವಿಲ್ಲದ ಕ್ರಿಯೆಯನ್ನು. ಕೆರೆಯ ಏರಿಯನ್ನು ಒಡೆದುಹಾಕೆಂದು ಅವರು ಹೇಳಲಿಲ್ಲ. ಸಿದ್ಧರಾಮರು ಕಲ್ಯಾಣಕ್ಕೆ ನಡೆದರು. ಕೆರೆ ಊರಿಗೆ ಉಳಿಯಿತು. ಇಂದಿಗೂ ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯವನ್ನು ಕೆರೆಯ ನೀರೇ ಸುತ್ತುವರಿದಿದೆ. ಅಹಂಕಾರವನ್ನು ಬಿಡಲು ಹೇಳಿದ ಮಾತನ್ನು ಹೊಣೆಯನ್ನೇ ಬಿಡಲು ಹೇಳಿದ ಮಾತೆಂದು ಓದುವುದು ಸೋಮಾರಿತನಕ್ಕೆ ತೊಡಿಸಿದ ಕಾವಿಯಲ್ಲದೆ ಮತ್ತೇನೂ ಅಲ್ಲ.

ಈಗ ದೊಡ್ಡನೆಕ್ಕುಂದಿಯನ್ನು ನೋಡಬೇಕು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಬೆಂಗಳೂರು ಸೀಮೆಯಲ್ಲಿ ಹಿಂದಿನವರು ಊರೂರಿಗೂ ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಹರಿಯುವಂತೆ ಕಾಲುವೆ ತೆಗೆದರು. ಪೂರ್ವಭಾಗದ ನೀರು ಹೀಗೆ ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನೂರು ಎಕರೆಗೂ ಮಿಕ್ಕ ದೊಡ್ಡನೆಕ್ಕುಂದಿ ಕೆರೆ ಈ ಪರಂಪರೆಯದು. ಹೊಲಗದ್ದೆಗಳಿದ್ದಲ್ಲಿ ಕೈಗಾರಿಕಾ ಪ್ರದೇಶ, ಹೊರವರ್ತುಲ ರಸ್ತೆ, ಅಪಾರ್ಟ್‌ಮೆಂಟುಗಳು ಬಂದವು. ಮಳೆನೀರು ತರಬೇಕಾದ ಕಾಲುವೆಗಳಲ್ಲಿ ಬಚ್ಚಲಿನ ನೀರು ಹರಿಯತೊಡಗಿತು.

ಈ ಹರಿವಿನ ಫಲವೇನೆಂಬುದನ್ನು ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ಲೋಕಕ್ಕೇ ತೋರಿಸಿವೆ. ಕೋಡಿಯಿಂದೆದ್ದ ನೊರೆ ರಸ್ತೆಗೆ ಹಾರಿತು. 2015, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಹೊತ್ತಿಕೊಂಡಿತು. ಆ ನೊರೆಯಲ್ಲಿ ಬಟ್ಟೆ ಪಾತ್ರೆ ತೊಳೆಯುವ ಮಾರ್ಜಕಗಳ ಪಾಲು ದೊಡ್ಡದು. ಅವುಗಳಲ್ಲಿನ ರಂಜಕವೇ ನೀರನ್ನು ಮುಚ್ಚುವ ಜೊಂಡಿಗೂ ಅಂತರಗಂಗೆಗೂ ಗೊಬ್ಬರ. ಮುಂಜಾನೆ ಮಡಿಯುಟ್ಟು ಲಿಂಗಪೂಜೆಗೆ ಕುಳಿತವನ ಮಡಿಯನ್ನು ತೊಳೆದ ನೀರು ಎಲ್ಲಿಗೆ ಹೋಯಿತು? ಬಸವಣ್ಣನವರು ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ಒಂದೇ ಆಚಾರದಲ್ಲಿ ಕಂಡವರು. ತನ್ನ ಶುದ್ಧಿಗಾಗಿ ಊರ ನೀರನ್ನು ಕೆಡಿಸುವವನಲ್ಲಿ ಈ ಎರಡರಲ್ಲಿ ಯಾವುದು ಉಳಿದೀತು?

ಕಸದ ಮಾತೂ ಇಂಥದೇ. ಕೃಷ್ಣರಾಜಪುರದ ಆಚೆಗಿರುವ ಮಂಡೂರಿನ ಜನ ಬೆಂಗಳೂರಿನ ಕಸದ ರಾಶಿಯನ್ನು ವರ್ಷಗಟ್ಟಲೆ ಸಹಿಸಿದರು. ಅವರ ಹೋರಾಟದ ಬಳಿಕ 2014ರ ಡಿಸೆಂಬರಿನಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ನಗರಕ್ಕೆ ವಿಧಿಸಿತು: ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ನೈರ್ಮಲ್ಯ ತ್ಯಾಜ್ಯ, ಚೀಲಕ್ಕೆ ಒಣಕಸ. ಇಷ್ಟು ಸುಲಭದ ನಿಯಮವನ್ನೂ ಪಾಲಿಸದ ಮನೆಗಳು ಇನ್ನೂ ಇವೆ. ಬೆರೆಸಿ ಕೊಟ್ಟ ಕಸದಲ್ಲಿ ಕೈಯಿಟ್ಟು ಅದನ್ನು ಬೇರ್ಪಡಿಸುವವಳು ಪೌರಕಾರ್ಮಿಕ ಮಹಿಳೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ವಂದಿಸುವವರು, ಬಾಗಿಲಿಗೆ ಬಂದ ಇಂದಿನ ಸತ್ಯಕ್ಕನ ಕೈಗೆ ಕೊಳಕು ಡಯಾಪರನ್ನು ಅನ್ನದೊಡನೆ ಬೆರೆಸಿ ಕೊಡುವುದು ಯಾವ ಭಕ್ತಿ?

ಕೊಳಚೆ ಶುದ್ಧೀಕರಣ ಜಲಮಂಡಳಿಯ ಕೆಲಸ, ಮನೆಯವರು ಏನು ಮಾಡಿಯಾರು ಎಂಬ ಆಕ್ಷೇಪವಿದೆ. ಅದು ಮಂಡಳಿಯ ಕೆಲಸವೆಂಬುದು ದಿಟ. ಆದರೆ ಕೇಳುವವರಿದ್ದಲ್ಲಿ ಮಾತ್ರ ಕೆಲಸ ನಡೆಯುತ್ತದೆ, ಅರಿತವನು ಮಾತ್ರ ಕೇಳಬಲ್ಲ. ಇದೇ ಮಹದೇವಪುರ ವಲಯದಲ್ಲಿ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇದಕ್ಕೆ ಸಾಕ್ಷಿ. ಸುತ್ತಲಿನ ನಿವಾಸಿಗಳು ಪಾಲಿಕೆಯೊಡನೆ ಕುಳಿತು ಯೋಜನೆಯನ್ನು ಚರ್ಚಿಸಿದರು. 2011ರ ಹೊತ್ತಿಗೆ ಕೆರೆ ಮತ್ತೆ ತುಂಬಿತು. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಆ ದಂಡೆಯೇ ಪಾಠಶಾಲೆಯಾಯಿತು. ನಿವಾಸಿಗಳು ಉದ್ಘಾಟನೆಯ ದಿನವೇ ಕೈತೊಳೆದುಕೊಳ್ಳದೆ ಕಾವಲಿಗೆ ನಿಂತದ್ದರಿಂದಲೇ ಅದು ಉಳಿಯಿತು.

ಪರಿಸರ ಶಿಕ್ಷಣವೆಂದರೆ ಜೂನ್ 5ರಂದು ಸಸಿಯ ಪಕ್ಕ ನಿಂತು ತೆಗೆಸಿಕೊಳ್ಳುವ ಚಿತ್ರವಲ್ಲ. ಒಂದು ದಿನ ಮಾಡಿ ಬಿಡುವುದು ಆಡಂಬರ, ನಿತ್ಯ ಮಾಡುವುದು ಕಾಯಕ. ಈ ಅಳತೆಗೋಲನ್ನು ಭಕ್ತವೃಂದ ಮೊದಲು ತನ್ನ ಉತ್ಸವಗಳಿಗೇ ಹಿಡಿಯಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಹಾಗಿದ್ದೂ ದಾಸೋಹದ ಪಂಕ್ತಿಗಳ ಹಿಂದೆ ಅವುಗಳ ಗುಡ್ಡೆ ಬೀಳುವುದುಂಟು, ಅರ್ಧ ಉಂಡ ಪ್ರಸಾದ ಆ ಗುಡ್ಡೆಯಲ್ಲಿ ಕೊಳೆಯುವುದುಂಟು. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಇಂದು ಮಿತಬಳಕೆಯೆಂದು ಕರೆಯುವ ಪಾಠವನ್ನು ಆ ತಾಯಿ 12ನೆಯ ಶತಮಾನದಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ್ದರು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ದಂಡಕ್ಕೆ ಅಂಜಿ ನೀರುಳಿಸುವುದು ನಾಗರಿಕನ ವಿಧೇಯತೆ. ಅಂಜಿಕೆಯಿಲ್ಲದೆಯೂ ಉಳಿಸುವುದು ಭಕ್ತನ ಆಚಾರ.

ಆದ್ದರಿಂದ ದೊಡ್ಡನೆಕ್ಕುಂದಿಯ ಪ್ರತಿಯೊಂದು ಭಕ್ತಕುಟುಂಬವೂ ಮೊದಲು ಕಲಿಯಬೇಕಾದುದು ಇಷ್ಟೆ: ತನ್ನ ಬಚ್ಚಲಿನ ನೀರು ಯಾವ ಕಾಲುವೆಗೆ ಹರಿಯುತ್ತದೆ, ತನ್ನ ಬುಟ್ಟಿಯ ಕಸ ಯಾವ ಊರಿಗೆ ಹೋಗುತ್ತದೆ, ತನ್ನ ಛಾವಣಿಯ ಮಳೆ ಎಲ್ಲಿ ಇಂಗುತ್ತದೆ. ಇದನ್ನು ಮಕ್ಕಳಿಗೆ ಇಷ್ಟಲಿಂಗ ದೀಕ್ಷೆಯ ವಯಸ್ಸಿನಲ್ಲೇ ಕಲಿಸಲಿ. ಬಳಿಕ ಸಿದ್ಧರಾಮರ ಪ್ರಸಂಗವನ್ನು ಮತ್ತೊಮ್ಮೆ ಓದಲಿ. ಕೆರೆ ಕಟ್ಟಿದ ಅಹಂಕಾರವನ್ನೇ ಕ್ಷಮಿಸದ ಪ್ರಭುಗಳು, ಕೆರೆ ಕೆಡಿಸಿದ ಉದಾಸೀನವನ್ನು ಕ್ಷಮಿಸುವರೆ?