ಕಾವು ಸಡಿಲವಾದರೆ ಯಾರ ಹೊಣೆ?



ಸಂಬಳ, ಬೋನಸ್, ಲೈನ್ ಮನೆಗಳ ದುರಸ್ತಿ, ಇವುಗಳನ್ನು ಕುರಿತು ನಾವು ಮೇಲಿಂದ ಮೇಲೆ ಮಾತನಾಡುತ್ತೇವೆ. ದಿನವೂ ಕೈಯಲ್ಲಿ ಹಿಡಿಯುವ ಸುತ್ತಿಗೆ, ಕೊಡಲಿ, ಗುದ್ದಲಿಗಳ ಮಾತು ಮಾತ್ರ ಅಪರೂಪ. ಕಾವು ಸಡಿಲವಾದರೆ ರಾತ್ರಿ ನೀರಿನ ಬಕೆಟ್ಟಿನಲ್ಲಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಮಸ್ಟರಿಗೆ ಹೊರಡುವವರು ಅನೇಕರು. ಈ ಸಣ್ಣ ವಿಷಯದಲ್ಲಿ ಒಬ್ಬರ ಕಣ್ಣು, ಒಬ್ಬರ ಪ್ರಾಣ ಅಡಗಿರುವುದರಿಂದ ಈ ಸಾರಿ ಇದನ್ನೇ ಬರೆಯುತ್ತಿದ್ದೇವೆ.

ನೀಲಗಿರಿಯಲ್ಲಿ ಕಬ್ಬಿಣದ ಕೆಲಸವು ಟೀ ತೋಟಗಳಿಗಿಂತ ಹಳೆಯದು. ಕೋತಗಿರಿಯ ಹೆಸರಿನಲ್ಲೇ ಕೋತರ ಹೆಸರಿದೆ. ತಿರುಚಿಗಡಿ, ಕೊಲ್ಲಿಮಲೆ ಮೊದಲಾದ ಏಳು ಊರುಗಳ ಈ ಜನರು ಕಮ್ಮಾರಿಕೆ, ಮರಗೆಲಸ, ಕುಂಬಾರಿಕೆ, ವಾದ್ಯ ಎಲ್ಲವನ್ನೂ ಬಲ್ಲವರು. ಬಡಗರ ಹೊಲಕ್ಕೆ ಬೇಕಾದ ಗುದ್ದಲಿ, ಕುಡುಗೋಲುಗಳೂ ತೋಡರಿಗೆ ಬೇಕಾದ ಕೊಡಲಿ, ಕತ್ತಿಗಳೂ ಅವರ ಕುಲುಮೆಯಿಂದ ಬರುತ್ತಿದ್ದವು. ಅದಕ್ಕೆ ಪ್ರತಿಯಾಗಿ ಬಡಗರು ಧಾನ್ಯವನ್ನೂ ತೋಡರು ತುಪ್ಪವನ್ನೂ ಕೊಡುತ್ತಿದ್ದರು. 1930ರ ದಶಕದ ಹೊತ್ತಿಗೆ ಈ ಕೊಡುಕೊಳ್ಳುವಿಕೆ ಬಹುಮಟ್ಟಿಗೆ ಮುರಿದುಬಿತ್ತು. ಆ ಕಾಲವೆಲ್ಲ ಚಿನ್ನವಾಗಿತ್ತೆಂದು ನಾವು ಹೇಳುವುದಿಲ್ಲ. ಎಲ್ಲರಿಗೂ ಕತ್ತಿ ಮಾಡಿಕೊಟ್ಟ ಕೋತನನ್ನೇ ನೆರೆಯವರು ಕೀಳೆಂದು ಎಣಿಸಿದ ಅನ್ಯಾಯವೂ ಅದರಲ್ಲಿ ಸೇರಿತ್ತು. ಆದರೆ ಉಪಕರಣ ಮಾಡಿದವನ ಮುಖ ಅದನ್ನು ಬಳಸುವವನಿಗೆ ಗೊತ್ತಿತ್ತು. ಕೆಟ್ಟರೆ ಅವನ ಬಳಿಗೇ ಒಯ್ಯಬಹುದಿತ್ತು. ಇಂದು ಸುತ್ತಿಗೆ ಸ್ಟೋರಿನಿಂದ ಬರುತ್ತದೆ. ಸ್ಟೋರಿನವರು ಅಂಗಡಿಯನ್ನು ತೋರಿಸುತ್ತಾರೆ, ಅಂಗಡಿಯವನು ಕಂಪನಿಯನ್ನು ತೋರಿಸುತ್ತಾನೆ. ಕೊನೆಗೆ ಹೊಣೆ ಬೀಳುವುದು ಹಿಡಿದವನ ಕೈಮೇಲೆ.

ಮೊದಲು ಕೈಯಲ್ಲಿರುವುದನ್ನು ನೋಡಿಕೊಳ್ಳೋಣ. ಒಳ್ಳೆಯ ಸುತ್ತಿಗೆಯ ತಲೆಯ ತೂತು ನಡುವೆ ಕಿರಿದು, ಎರಡು ಬಾಯಿಗಳಲ್ಲಿ ಅಗಲ. ಕಾವನ್ನು ಕೆಳಗಿನಿಂದ ತೂರಿಸಿ, ಮೇಲಿನ ಸೀಳಿಗೆ ಬೆಣೆ ಹೊಡೆದಾಗ ಮರವು ಅಗಲವಾಗಿ ಬಿಗಿದುಕೊಳ್ಳುತ್ತದೆ. ಬಿಗಿ ಕೊಡುವುದು ಬೆಣೆ, ನೀರಲ್ಲ. ನೀರಿನಲ್ಲಿಟ್ಟ ಮರ ಉಬ್ಬಿ ಕಬ್ಬಿಣಕ್ಕೆ ಒತ್ತುತ್ತದೆ, ಅದರ ನಾರು ಜಜ್ಜಿಹೋಗುತ್ತದೆ. ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಮಳೆಗಾಲದಲ್ಲಿ ಬಿಗಿಯಾಗಿದ್ದ ಕಾವು ಜನವರಿಯ ಒಣಹವೆಯಲ್ಲಿ ಅಲುಗಾಡುವುದೂ ಇದೇ ಕಾರಣದಿಂದ. ಕಾವಿನ ಮರ ಚೆನ್ನಾಗಿ ಒಣಗಿರಬೇಕು, ಗಂಟಿರಬಾರದು, ನಾರು ತುದಿಯಿಂದ ತುದಿಗೆ ನೇರವಾಗಿ ಓಡಿರಬೇಕು. ಉಳಿಯ ತಲೆ ಅಣಬೆಯ ಹಾಗೆ ಅರಳಿದ್ದರೆ ಆ ಅಂಚನ್ನು ಅರದಿಂದ ಉಜ್ಜಿ ತೆಗೆಯಿರಿ. ಕಣ್ಣಿಗೆ ಹಾರುವ ಚೂರು ಅಲ್ಲಿಂದಲೇ ಬರುತ್ತದೆ. ಸುತ್ತಿಗೆಯಿಂದ ಸುತ್ತಿಗೆಯನ್ನು ಹೊಡೆಯಬೇಡಿ. ಎರಡರ ಮುಖವೂ ಗಡುಸಾಗಿರುವುದರಿಂದ ಚೂರು ಸಿಡಿಯುತ್ತದೆ.

ರಜಾದಿನಗಳಲ್ಲಿ ಕುಲುಮೆ ಹೂಡಿ, ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ, ಆಕ್ಸಲ್ ತುಂಡಿನಿಂದ ಸುತ್ತಿಗೆ ಮಾಡಿ ನೋಡಬೇಕೆಂಬ ಆಸೆ ನಮ್ಮ ಹುಡುಗರಲ್ಲಿ ಯಾರಿಗಾದರೂ ಇದ್ದರೆ ತಾಯಿತಂದೆಗಳು ಅದನ್ನು ಹಳಿಯಬಾರದು. ಅದು ಕೈಗೂ ಬುದ್ಧಿಗೂ ಒಳ್ಳೆಯ ಶಾಲೆ. ಆದರೆ ಮೂರು ಮಾತು ನೆನಪಿರಲಿ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಒಣಹುಲ್ಲಿನ ಹಳದಿ ಬಣ್ಣ ಬರುವವರೆಗೆ ಮೆಲ್ಲಗೆ ಮತ್ತೆ ಕಾಯಿಸಿದರೆ ಮಾತ್ರ ಪೆಟ್ಟು ತಾಳುತ್ತದೆ. ಸತುವಿನ ಲೇಪವಿರುವ ಪೈಪು, ತಗಡುಗಳನ್ನು ಬೆಂಕಿಗೆ ಹಾಕಲೇಬಾರದು. ಆ ಹೊಗೆ ಚಳಿಜ್ವರ, ಎದೆಬಿಗಿತ ತರುತ್ತದೆ. ಚಳಿಯೆಂದು ಬಾಗಿಲು ಮುಚ್ಚಿಕೊಂಡು ಇದ್ದಿಲು ಉರಿಸಬಾರದು. ವಾಸನೆಯಿಲ್ಲದ ಆ ವಿಷಗಾಳಿ ಮಲಗಿದವರನ್ನು ಮತ್ತೆ ಏಳಗೊಡುವುದಿಲ್ಲ.

ಇನ್ನು ಹೊಣೆಯ ಪ್ರಶ್ನೆ. ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿ ಇಬ್ಬರು ಮರ ಕಡಿಯಲು ಕಾಡಿಗೆ ಹೋಗುವ ಪ್ರಸಂಗವಿದೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ಜೊತೆಗಾರನಿಗೆ ಬಡಿದು ಅವನು ಸಾಯುತ್ತಾನೆ. ದ್ವೇಷವಿಲ್ಲದೆ ಆದ ಸಾವಾದ್ದರಿಂದ ಕೊಡಲಿ ಹಿಡಿದವನು ಆಶ್ರಯನಗರಕ್ಕೆ ಓಡಿಹೋಗಿ ಬದುಕಬಹುದು. ದುಡಿಯುವವನನ್ನು ಕೊಲೆಗಾರನೆನ್ನಬೇಡಿರೆಂಬ ಕರುಣೆ ಅಲ್ಲಿದೆ. ಆದರೆ ಸತ್ತವನು ಎದ್ದು ಬರಲಿಲ್ಲ. ಅದೇ ಗ್ರಂಥದ 22ನೆಯ ಅಧ್ಯಾಯವು ಇನ್ನೊಂದು ಮಾತು ಹೇಳುತ್ತದೆ: ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು, ಇಲ್ಲವಾದರೆ ಬಿದ್ದವನ ರಕ್ತಕ್ಕೆ ಮನೆಯೇ ಹೊಣೆ. ಅಲ್ಲಿ ಬಿದ್ದವನ ಎಚ್ಚರಗೇಡಿತನದ ಮಾತಿಲ್ಲ, ಕಟ್ಟಿಸಿದವನ ಕರ್ತವ್ಯದ ಮಾತಿದೆ. ಮೊದಲನೆಯದು ಅಪಘಾತವಾದ ಮೇಲಿನ ನ್ಯಾಯ, ಎರಡನೆಯದು ಅಪಘಾತವಾಗುವುದಕ್ಕೆ ಮುಂಚಿನ ನ್ಯಾಯ. ನಮ್ಮ ತೋಟಗಳಿಗೆ ಎರಡೂ ಬೇಕು.

ಆದ್ದರಿಂದ ನಾವು ಕೇಳುವುದು ಹೆಚ್ಚಿನದೇನಲ್ಲ. ಉಪಕರಣ ಕೊಡುವವರು ಅದನ್ನು ಬಿಗಿಯಾದ ಕಾವಿನೊಂದಿಗೆ ಕೊಡಲಿ, ಬೆಣೆಯನ್ನೂ ಒಣಗಿದ ಕಾವುಗಳನ್ನೂ ಸ್ಟೋರಿನಲ್ಲಿ ಇಟ್ಟಿರಲಿ. ಕೆಟ್ಟ ಸುತ್ತಿಗೆಯನ್ನು ಹಿಂದಿರುಗಿಸಿದವರನ್ನು ಮೈಗಳ್ಳರೆಂದು ಬರೆಯದಿರಲಿ, ಆ ದಿನದ ಕೂಲಿ ಕಡಿಯದಿರಲಿ. ನಮ್ಮ ಪಾಲಿನ ಕೆಲಸವೂ ಇದೆ. ಬೆಳಿಗ್ಗೆ ಹೊರಡುವ ಮುನ್ನ ತಲೆಯನ್ನು ಕೆಳಗೆ ಮಾಡಿ ಹಿಡಿದು, ಒಮ್ಮೆ ಬಲವಾಗಿ ಅಲ್ಲಾಡಿಸಿ ನೋಡಿರಿ. ಅಲುಗಿದರೆ ಅದನ್ನು ಕೆಳಗಿಟ್ಟು ಮೇಸ್ತ್ರಿಗೆ ಹೇಳಿರಿ. ಒಬ್ಬರು ಹೇಳಿದರೆ ಗೊಣಗಾಟವೆನ್ನಬಹುದು, ಸಾಲಿನಲ್ಲಿ ನಿಂತ ಎಲ್ಲರೂ ಹೇಳಿದರೆ ಕೇಳಲೇಬೇಕಾಗುತ್ತದೆ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರಗಳಿಗಾಗಿ ಹುಟ್ಟಿದ್ದು. ನಮ್ಮ ಕುಲಕ್ಕೆ ಅದು ಅನ್ವಯಿಸದಿರಲಿ.